ಒಡೆಯನಿಲ್ಲದ ನೀರನ್ನು ಕಾಯುವವರಾರು?

ಪ್ರತಿಯೊಬ್ಬನು ತನ್ನ ಹೊಲಕ್ಕೆ ಬೇಲಿ ಹಾಕುತ್ತಾನೆ, ತನ್ನ ದನವನ್ನು ಗೂಟಕ್ಕೆ ಕಟ್ಟುತ್ತಾನೆ, ತನ್ನ ಕಣಜವನ್ನು ಕಾಯುತ್ತಾನೆ. ಇದನ್ನು ಯಾರೂ ಅವನಿಗೆ ಬೋಧಿಸಬೇಕಾಗಿಲ್ಲ. ಆದರೆ ಊರ ಕೆರೆ, ಗೋಮಾಳದ ಹುಲ್ಲು, ಹೊಳೆಯ ಮೀನು, ಗುಡ್ಡದ ಕಟ್ಟಿಗೆ, ಇವುಗಳ ಗತಿ ಬೇರೆ. ಇವು ಎಲ್ಲರಿಗೂ ಸೇರಿದವುಗಳೆಂದು ಹೇಳಲ್ಪಡುವದರಿಂದಲೇ ಯಾರಿಗೂ ಸೇರದವುಗಳಂತೆ ಹಾಳಾಗುತ್ತವೆ. ನಾನು ಕಡಿಯದಿದ್ದರೆ ಮತ್ತೊಬ್ಬನು ಕಡಿದಾನು ಎಂದುಕೊಂಡು ಒಬ್ಬನು ಕೊಡಲಿಯನ್ನೆತ್ತುತ್ತಾನೆ; ಆ ಮತ್ತೊಬ್ಬನು ಅದೇ ಮಾತನ್ನು ತನ್ನಲ್ಲಿ ಹೇಳಿಕೊಂಡು ನಸುಕಿನಲ್ಲಿಯೇ ಗುಡ್ಡವನ್ನು ಹತ್ತಿರುತ್ತಾನೆ. ಹಾಗಾದರೆ ಒಡೆಯನಿಲ್ಲದ ವಸ್ತುವನ್ನು ಕಾಯುವವರಾರು?

ಇದಕ್ಕೆ ಲೋಕದಲ್ಲಿ ಎರಡು ಉತ್ತರಗಳು ಬಳಕೆಯಲ್ಲಿವೆ. ಸರಕಾರವು ಕಾಯಲಿ, ಕಟ್ಟಳೆಯನ್ನು ಮಾಡಿ ಕಾವಲುಗಾರನನ್ನು ನಿಲ್ಲಿಸಲಿ ಎಂಬದು ಒಂದು. ಹಾಳುಮಾಡಿದರೆ ನಿನಗೇ ನಷ್ಟವೆಂದು ಜನರಿಗೆ ತಿಳಿಸಿದರೆ ಸಾಕು, ಸ್ವಂತ ಲಾಭವೇ ಕಾಯುವದು ಎಂಬದು ಇನ್ನೊಂದು. ಎರಡರಲ್ಲಿಯೂ ಸತ್ಯವುಂಟು, ಎರಡೂ ಸಾಲವು. ಯಾಕಂದರೆ ಕಾವಲುಗಾರನು ನಿದ್ರೆಮಾಡುತ್ತಾನೆ, ಕೆಲವು ಸಾರಿ ಲಂಚವನ್ನೂ ತೆಗೆದುಕೊಳ್ಳುತ್ತಾನೆ. ಲಾಭದ ಲೆಕ್ಕವಾದರೋ ಈ ದಿನದ ರೂಪಾಯಿಯನ್ನು ದೊಡ್ಡದಾಗಿಯೂ ಮೊಮ್ಮಕ್ಕಳ ರೂಪಾಯಿಯನ್ನು ಚಿಕ್ಕದಾಗಿಯೂ ತೋರಿಸುವಂಥದು. ಮೂರನೆಯ ಉತ್ತರವೊಂದುಂಟು: ಆ ವಸ್ತುವಿಗೆ ಒಡೆಯನಿಲ್ಲವೆಂಬದೇ ಸುಳ್ಳು, ಅದರ ಒಡೆಯನು ದೇವರು, ಆತನಿಗೆ ಲೆಕ್ಕ ಒಪ್ಪಿಸಬೇಕಾಗಿದೆ ಎಂಬದು. ಈ ಉತ್ತರವು ನಮ್ಮ ನೆರೆಯವರಾದ ಮುಸಲ್ಮಾನರ ಮತದಲ್ಲಿ ಯಾವ ರೂಪವನ್ನು ತಾಳಿದೆ, ಅದು ಭೂಮಿಯ ಮೇಲೆ ನಿಜವಾಗಿ ಕೆಲಸ ಮಾಡಿದೆಯೋ ಎಂಬದನ್ನು ಇಲ್ಲಿ ವಿಚಾರಿಸೋಣ. ನೆರೆಯವನ ನಂಬಿಕೆಯನ್ನು ಚೆನ್ನಾಗಿ ತಿಳಿಯದೆ ಅವನ ವಿಷಯದಲ್ಲಿ ಮಾತಾಡುವದು ಸುಳ್ಳುಸಾಕ್ಷಿಗೆ ಹತ್ತಿರವಾದದ್ದೆಂಬದನ್ನು ನಾವು ಮರೆಯಬಾರದು.

ಮನುಷ್ಯನು ಭೂಮಿಯಲ್ಲಿ ದೇವರ ಖಲೀಫನು, ಅಂದರೆ ಪಾರುಪತ್ಯಗಾರನು, ಎಂದು ಕುರಾನು ಕಲಿಸುತ್ತದೆಯೆಂಬದಾಗಿ ಅವರ ಪಂಡಿತರು ವಿವರಿಸುತ್ತಾರೆ. ಪಾರುಪತ್ಯಗಾರನಿಗೆ ಬೀಗದ ಕೈ ಇದೆ, ಆದರೆ ಮನೆ ಅವನದಲ್ಲ. ಅದೇ ಗ್ರಂಥದಲ್ಲಿ ಗಂಭೀರವಾದ ಮತ್ತೊಂದು ಮಾತು ಇದೆ. ಅದರ ಸಾರವೇನಂದರೆ, ಒಂದು ಹೊಣೆಯನ್ನು ದೇವರು ಆಕಾಶಕ್ಕೂ ಭೂಮಿಗೂ ಬೆಟ್ಟಗಳಿಗೂ ಒಪ್ಪಿಸುವೆನೆಂದಾಗ ಅವು ಹೆದರಿ ಹಿಂಜರಿದವು; ಮನುಷ್ಯನು ಮಾತ್ರ ಅದನ್ನು ಹೊತ್ತುಕೊಂಡನು; ಅವನಾದರೋ ಅನ್ಯಾಯಗಾರನೂ ಅಜ್ಞಾನಿಯೂ ಆಗಿದ್ದನು. ಆ ಹೊಣೆಗೆ ಅರಬಿಯಲ್ಲಿ ಅಮಾನತ್ ಎಂದು ಹೆಸರು. ನಮ್ಮ ಹಳ್ಳಿಗಳಲ್ಲಿಯೂ ಈ ಶಬ್ದವು ತಿಳಿಯದ್ದಲ್ಲ. ಬೇರೊಬ್ಬನು ನಂಬಿ ನಮ್ಮಲ್ಲಿ ಇಟ್ಟ ಸೊತ್ತೇ ಅಮಾನತು. ಅದನ್ನು ಹಾಗೆಯೇ ಹಿಂದಕ್ಕೆ ಕೊಡಬೇಕು. ಇದಲ್ಲದೆ ಭೂಮಿಯ ಮೇಲೆ ನಡೆಯುವ ಪ್ರಾಣಿಗಳೂ ರೆಕ್ಕೆಯಿಂದ ಹಾರುವ ಪಕ್ಷಿಗಳೂ ಮನುಷ್ಯರ ಹಾಗೆಯೇ ಜನಾಂಗಗಳಾಗಿವೆಯೆಂದೂ, ದೇವರು ಲೋಕದಲ್ಲಿ ಒಂದು ತಕ್ಕಡಿಯನ್ನು ಸ್ಥಾಪಿಸಿದ್ದಾನೆ, ಅದನ್ನು ಓರೆಮಾಡಬಾರದೆಂದೂ, ತಿನ್ನಬಹುದು ಕುಡಿಯಬಹುದು ಆದರೆ ದುಂದು ಮಾಡಕೂಡದೆಂದೂ ಆ ಗ್ರಂಥದಲ್ಲಿ ಬೋಧನೆ ಉಂಟು.

ಇವು ಉನ್ನತವಾದ ಮಾತುಗಳು. ಆದರೆ ಬೋಧನೆಯ ಬೆಲೆ ಚಿಕ್ಕ ಸಂಗತಿಗಳಲ್ಲಿ ತಿಳಿಯುತ್ತದೆ. ಪೈಗಂಬರ ಮಹಮ್ಮದರ ವಿಷಯವಾದ ಹದೀಸುಗಳಲ್ಲಿ ಹೀಗೆ ಒಂದು ವೃತ್ತಾಂತವಿದೆ. ಸಾದ್ ಎಂಬ ಶಿಷ್ಯನು ನಮಾಜಿಗಿಂತ ಮೊದಲು ಕೈಕಾಲು ತೊಳೆಯುತ್ತಾ ನೀರನ್ನು ಧಾರಾಳವಾಗಿ ಚೆಲ್ಲುತ್ತಿದ್ದನು. ಮಹಮ್ಮದರು ಅದನ್ನು ಕಂಡು, ಈ ದುಂದುಗಾರಿಕೆ ಏನೆಂದು ಕೇಳಿದರು. ದೇವರ ಪ್ರಾರ್ಥನೆಗಾಗಿ ತೊಳೆಯುವದರಲ್ಲಿಯೂ ದುಂದುಂಟೋ ಎಂದು ಅವನು ಆಶ್ಚರ್ಯಪಟ್ಟನು. ಉಂಟು, ಹರಿಯುವ ಹೊಳೆಯ ದಡದಲ್ಲಿದ್ದರೂ ಉಂಟು ಎಂಬದು ಅವನಿಗೆ ದೊರೆತ ಉತ್ತರದ ತಾತ್ಪರ್ಯವು. ಈ ವೃತ್ತಾಂತವನ್ನು ತಿಳಿಸಿದವರ ಪರಂಪರೆಯು ಅಷ್ಟು ಗಟ್ಟಿಯಲ್ಲವೆಂದು ಅವರಲ್ಲಿಯೇ ಕೆಲವು ಪಂಡಿತರು ಎಣಿಸುತ್ತಾರೆ. ಆದಾಗ್ಯೂ ಮಹಮ್ಮದರು ತಾವೇ ಒಂದು ಮುದ್ದ್, ಅಂದರೆ ಎರಡು ಕೈ ಸೇರಿಸಿದ ಬೊಗಸೆಯಷ್ಟು ನೀರಿನಲ್ಲಿ ಈ ಶುದ್ಧಿಯನ್ನು ಮುಗಿಸುತ್ತಿದ್ದರೆಂಬದನ್ನು ಎಲ್ಲರೂ ಒಪ್ಪುತ್ತಾರೆ.

ವಾಚಕರೇ, ಇದನ್ನು ಸ್ವಲ್ಪ ಯೋಚಿಸಿ ನೋಡಿರಿ. ಹೊಳೆಯಲ್ಲಿ ಚೆಲ್ಲಿದ ನೀರು ಹೊಳೆಗೇ ಹೋಗುವದು. ಒಂದು ಕೊಡ ಹೆಚ್ಚಾಗಿ ಚೆಲ್ಲಿದ್ದರಿಂದ ಯಾವ ನೆರೆಯವನಿಗೂ ಒಂದು ಹನಿ ಕಡಿಮೆಯಾಗದು. ಹಾಗಾದರೆ ಅಲ್ಲಿ ತಪ್ಪೇನು? ನಷ್ಟವಿರುವಲ್ಲಿ ಮಾತ್ರ ತಪ್ಪಿದೆ ಎಂದು ನಾವು ಎಣಿಸುವದಾದರೆ ಇದಕ್ಕೆ ಉತ್ತರ ಸಿಕ್ಕದು. ತಪ್ಪು ನೀರಿನಲ್ಲಿಲ್ಲ, ಕೈಯಲ್ಲಿದೆ. ತುಂಬಿದ ಹೊಳೆಯಲ್ಲಿ ಚೆಲ್ಲುವದನ್ನು ಕಲಿತ ಕೈ ಬತ್ತಿದ ಬಾವಿಯಲ್ಲಿಯೂ ಚೆಲ್ಲುವದು. ತನಗೆ ಸಿಕ್ಕಿದ್ದೆಲ್ಲಾ ತನ್ನದೆಂದು ಎಣಿಸುವ ಗರ್ವವು ಹೇರಳವಿರುವಲ್ಲಿಯೇ ಹುಟ್ಟುತ್ತದೆ. ಇದರ ಜೊತೆಗೆ ಮತ್ತೊಂದು ಹದೀಸನ್ನು ಇಟ್ಟು ನೋಡಬೇಕು. ಲೋಕಾಂತ್ಯದ ಗಳಿಗೆ ಬಂದಾಗ ಒಬ್ಬನ ಕೈಯಲ್ಲಿ ಖರ್ಜೂರದ ಸಸಿ ಇದ್ದರೆ, ಸಾಧ್ಯವಾದರೆ ಅದನ್ನು ನೆಟ್ಟೇಬಿಡಲಿ ಎಂಬದು ಅದರ ಬೋಧನೆ. ಆ ಸಸಿಯ ಹಣ್ಣನ್ನು ಯಾರೂ ತಿನ್ನುವದಿಲ್ಲ, ಅದರ ನೆರಳಿನಲ್ಲಿ ಯಾರೂ ಕೂತುಕೊಳ್ಳುವದಿಲ್ಲ. ಆದರೂ ನೆಡುವದೇ ತಕ್ಕದ್ದು. ಹೊಳೆಯ ಮಾತಿನಲ್ಲಿ ನಷ್ಟವಿಲ್ಲದಿದ್ದರೂ ತಪ್ಪುಂಟು. ಸಸಿಯ ಮಾತಿನಲ್ಲಿ ಲಾಭವಿಲ್ಲದಿದ್ದರೂ ಧರ್ಮವುಂಟು. ಲಾಭನಷ್ಟಗಳ ಲೆಕ್ಕವು ಎಲ್ಲಿ ನಿಂತುಹೋಗುತ್ತದೋ ಅಲ್ಲಿಯೂ ದೇವರ ಮುಂದಿನ ಲೆಕ್ಕವು ನಿಲ್ಲುವದಿಲ್ಲವೆಂಬದೇ ಇವೆರಡರ ಅರ್ಥ.

ಇನ್ನು ಹುಲ್ಲಿನ ವಿಷಯಕ್ಕೆ ಬರೋಣ. ಅರಬಸ್ಥಾನವು ಮಳೆ ಕಡಿಮೆಯಾದ ದೇಶ. ಅಲ್ಲಿ ಒಂಟೆಗೂ ಕುರಿಗೂ ಹುಲ್ಲೇ ಜೀವ. ಮಹಮ್ಮದರಿಗಿಂತ ಮುಂಚಿನ ಕಾಲದಲ್ಲಿ ಬಲಿಷ್ಠನಾದ ಗೋತ್ರಪತಿಯು ಒಳ್ಳೇ ಹುಲ್ಲಿನ ಸ್ಥಳವನ್ನು ತನಗೆಂದೇ ಕಾದಿಟ್ಟುಕೊಳ್ಳುವ ಪದ್ಧತಿ ಇತ್ತು. ಅವನು ದಿಬ್ಬದ ಮೇಲೆ ನಾಯಿಯನ್ನು ಬೊಗಳಿಸುತ್ತಿದ್ದನು, ಆ ಬೊಗಳು ಎಷ್ಟು ದೂರ ಕೇಳಿಸಿತೋ ಅಷ್ಟು ಭೂಮಿಯಲ್ಲಿ ಬೇರೆ ಯಾರ ಹಿಂಡೂ ಕಾಲಿಡಕೂಡದು ಎಂದು ಹೇಳುವದುಂಟು. ಹೀಗೆ ಕಾದಿಟ್ಟ ಹುಲ್ಲುಗಾವಲಿಗೆ ಹಿಮಾ ಎಂದು ಹೆಸರು. ಮಹಮ್ಮದರು ಈ ಹಕ್ಕನ್ನು ಗೋತ್ರಪತಿಗಳ ಕೈಯಿಂದ ತೆಗೆದು, ಹಿಮಾ ಎಂಬದು ದೇವರಿಗೂ ಆತನ ದೂತನಿಗೂ ಸೇರಿದ್ದೇ ಹೊರತು ಬೇರೆಯವರಿಗಿಲ್ಲವೆಂದು ವಿಧಿಸಿದರು. ಅಂದಿನಿಂದ ಅದು ಸಾರ್ವಜನಿಕ ಪ್ರಯೋಜನಕ್ಕಾಗಿ ಮಾತ್ರ ಇರಬೇಕಾಯಿತು. ಮದೀನದ ಬಳಿಯ ನಕೀ ಎಂಬ ಸ್ಥಳವು ದಂಡಿನ ಕುದುರೆಗಳಿಗಾಗಿ ಹೀಗೆ ಕಾಯಲ್ಪಟ್ಟಿತು.

634ರಿಂದ 644ರ ವರೆಗೆ ಆಳಿದ ಖಲೀಫ ಉಮರರು ಇಂಥ ಒಂದು ಹಿಮಾದ ಮೇಲೆ ಹುನೈ ಎಂಬ ತಮ್ಮ ಸೇವಕನನ್ನು ನೇಮಿಸಿದಾಗ ಅವನಿಗೆ ಕೊಟ್ಟ ಅಪ್ಪಣೆಯು ಅವರ ಪ್ರಮಾಣಗ್ರಂಥಗಳಲ್ಲಿ ಉಳಿದುಬಂದಿದೆ. ಅದರ ತಾತ್ಪರ್ಯವು ಹೀಗಿದೆ. ಜನರ ಮೇಲೆ ಕೈಮಾಡಬೇಡ. ಅನ್ಯಾಯಹೊಂದಿದವನ ಮೊರೆಗೆ ಭಯಪಡು, ಅದು ದೇವರಿಗೆ ಮುಟ್ಟುವದು. ಕೆಲವೇ ಒಂಟೆಗಳು, ಕೆಲವೇ ಕುರಿಗಳು ಉಳ್ಳವನನ್ನು ಒಳಗೆ ಬಿಡು. ಐಶ್ವರ್ಯವಂತರಾದ ಇಬ್ನ್ ಔಫ್ ಮತ್ತು ಇಬ್ನ್ ಅಫ್ಫಾನ್ ಎಂಬವರ ಹಿಂಡುಗಳನ್ನು ಬಿಡಬೇಡ. ಯಾಕಂದರೆ ಅವರ ದನಗಳು ಸತ್ತರೆ ಅವರಿಗೆ ಖರ್ಜೂರದ ತೋಟವೂ ಹೊಲವೂ ಇವೆ. ಬಡವನ ದನಗಳು ಸತ್ತರೆ ಅವನು ಮಕ್ಕಳನ್ನು ಕರಕೊಂಡು ನನ್ನ ಬಾಗಿಲಿಗೆ ಬರುವನು. ಆಗ ಬೆಳ್ಳಿಬಂಗಾರ ಕೊಡುವದಕ್ಕಿಂತ ಈಗ ನೀರೂ ಹುಲ್ಲೂ ಕೊಡುವದು ನನಗೆ ಸುಲಭ.

ಇಬ್ನ್ ಔಫ್ ಎಂಬವರು ಮಹಮ್ಮದರ ಹತ್ತಿರದ ಸಂಗಡಿಗರಲ್ಲಿ ಒಬ್ಬರು. ಇಬ್ನ್ ಅಫ್ಫಾನ್ ಅಂದರೆ ಉಮರರ ತರುವಾಯ ತಾವೇ ಖಲೀಫರಾದ ಉಸ್ಮಾನರು. ಇಂಥವರ ಹಿಂಡನ್ನು ಹೊರಗೆ ನಿಲ್ಲಿಸಿ ಬಡ ಕುರುಬನ ಹಿಂಡನ್ನು ಒಳಗೆ ಬಿಟ್ಟದ್ದರಲ್ಲಿಯೇ ಈ ಸಂಗತಿಯ ಸಾರವಿದೆ. ಮೇಲಾಗಿ, ಈ ಭೂಮಿಯು ತಮ್ಮ ಪೂರ್ವಿಕರದು, ಇದಕ್ಕಾಗಿ ತಾವು ಯುದ್ಧಮಾಡಿದ್ದೇವೆ ಎಂದು ಆ ಸ್ಥಳದ ಜನರು ತನ್ನನ್ನು ಅನ್ಯಾಯಗಾರನೆಂದು ಎಣಿಸುತ್ತಾರೆಂಬದನ್ನೂ ಉಮರರು ಅದೇ ಅಪ್ಪಣೆಯಲ್ಲಿ ಮುಚ್ಚದೆ ಹೇಳಿದರು. ಹುಲ್ಲನ್ನು ಕಾಯುವದು ಎಂದರೆ ಯಾರನ್ನಾದರೂ ತಡೆಯುವದು. ತಡೆಯುವವನು ಮೊದಲು ಯಾರನ್ನು ತಡೆಯುತ್ತಾನೆಂಬದರಿಂದ ಅವನು ದೇವರ ಪಾರುಪತ್ಯಗಾರನೋ ದಿಬ್ಬದ ಮೇಲಿನ ನಾಯಿಯ ಯಜಮಾನನೋ ಎಂಬದು ತಿಳಿದುಬರುತ್ತದೆ.

ಇವು ಹಳೇ ಕಾಲದ ಸಂಗತಿಗಳೆಂದು ಯಾರಾದರೂ ಅಂದಾರು. ಆದದರಿಂದ ನಮ್ಮ ಕಾಲಕ್ಕೆ ಹತ್ತಿರವಾದ ಒಂದು ದೃಷ್ಟಾಂತವನ್ನು ಹೇಳುತ್ತೇವೆ. ಆಫ್ರಿಕದ ಪೂರ್ವ ಕರಾವಳಿಯಲ್ಲಿ ಜಾಂಜಿಬಾರಿಗೆ ಸೇರಿದ ಪೆಂಬಾ ಎಂಬ ದ್ವೀಪವಿದೆ. ಅದರ ಪಡುವಣ ಮಗ್ಗುಲಲ್ಲಿ ಮಿಸಾಲಿ ಎಂಬ ಚಿಕ್ಕ ದ್ವೀಪವಿದೆ. ಅದರ ಸುತ್ತಲೂ ಹವಳದ ದಿಬ್ಬಗಳು, ಅವುಗಳಲ್ಲಿ ನಾನಾ ಜಾತಿಯ ಮೀನುಗಳು. ಅದರ ಮರಳಿನಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಪೂರ್ವದಲ್ಲಿ ಒಬ್ಬ ಪುಣ್ಯಪುರುಷನು ಅಲ್ಲಿ ಪ್ರಾರ್ಥನೆಯ ಚಾಪೆಯನ್ನು ಕೇಳಿದಾಗ ಅದು ಸಿಕ್ಕಲಿಲ್ಲ. ದ್ವೀಪವೇ ಮಕ್ಕಾದ ಕಡೆಗೆ ಚಾಚಿರುವದರಿಂದ ಇದೇ ನನ್ನ ಚಾಪೆ ಎಂದನು. ಅದರಿಂದಲೇ ಆ ಹೆಸರು ಬಂತೆಂಬದು ಅಲ್ಲಿಯ ಐತಿಹ್ಯ. ಅಲ್ಲಿಯ ಮೀನುಗಾರರು ಬಹುಮಟ್ಟಿಗೆ ಎಲ್ಲರೂ ಮುಸಲ್ಮಾನರು, ಬಡವರು. ಅವರಲ್ಲಿ ಕೆಲವರು ನೀರಿನಲ್ಲಿ ಸಿಡಿಮದ್ದನ್ನು ಹಾರಿಸಿ ಮೀನು ಹಿಡಿಯುತ್ತಿದ್ದರು. ಮದ್ದು ಸಿಡಿದರೆ ದೊಡ್ಡ ಮೀನುಗಳ ಜೊತೆಗೆ ಮರಿಗಳೂ ಸಾಯುತ್ತವೆ. ಸತ್ತವುಗಳಲ್ಲಿ ಎಷ್ಟೋ ಮುಳುಗಿಹೋಗುತ್ತವೆ. ಮೀನುಗಳ ಮನೆಯಾದ ಹವಳವು ಪುಡಿಯಾಗುತ್ತದೆ, ಅದು ತಿರಿಗಿ ಬೆಳೆಯುವದಕ್ಕೆ ಹತ್ತಾರು ವರುಷಗಳು ಬೇಕು. ಕಟ್ಟಳೆಯು ಇದನ್ನು ನಿಷೇಧಿಸಿತ್ತು. ಆದರೆ ಸಮುದ್ರವು ದೊಡ್ಡದು, ಕಾವಲಿನ ದೋಣಿಗಳು ಕೆಲವೇ.

1998ರಲ್ಲಿ ಮಿಸಾಲಿಯು ಕಾಯ್ದಿಟ್ಟ ಪ್ರದೇಶವೆಂದು ಸಾರಲ್ಪಟ್ಟಿತು. ಒಂದು ಚಿಕ್ಕ ಭಾಗದಲ್ಲಿ ಮೀನು ಹಿಡಿಯಲೇಬಾರದೆಂದೂ ಉಳಿದ ಕಡೆಗಳಲ್ಲಿ ಹಾಳುಮಾಡದ ರೀತಿಯಿಂದ ಹಿಡಿಯಬಹುದೆಂದೂ ಏರ್ಪಾಡಾಯಿತು. ಸಿಂಹಳ ದ್ವೀಪದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಫಜ್ಲುನ್ ಖಾಲಿದ್ ಎಂಬವರು ಸೃಷ್ಟಿಯ ಪರಾಮರಿಕೆಗಾಗಿ ಒಂದು ಇಸ್ಲಾಮೀ ಸಂಸ್ಥೆಯನ್ನು ಸ್ಥಾಪಿಸಿದ್ದರು. ಆ ಸಂಸ್ಥೆಯವರು ಕೆಲವು ಸಹಾಯಕರೊಡನೆ ಪೆಂಬಾಕ್ಕೆ ಬಂದು ಮಸೀದಿಗಳ ಉಪದೇಶಕರನ್ನೂ ಮೀನುಗಾರರನ್ನೂ ಒಟ್ಟಿಗೆ ಕೂರಿಸಿ, ಖಲೀಫ, ಅಮಾನತ್, ತಕ್ಕಡಿ ಎಂಬ ನಾವು ಮೇಲೆ ಹೇಳಿದ ಮಾತುಗಳನ್ನೇ ಕುರಾನಿನಿಂದ ತೆಗೆದು ವಿವರಿಸಿದರು. ಅಧಿಕಾರಿಯ ಕಣ್ಣನ್ನು ತಪ್ಪಿಸಿಕೊಳ್ಳಬಹುದು, ದೇವರ ಕಣ್ಣನ್ನು ತಪ್ಪಿಸಿಕೊಳ್ಳಲಾಗದು ಎಂಬ ಭಾವವು ಮೀನುಗಾರರಲ್ಲಿ ಹುಟ್ಟಿತು, ಹಲವರು ಸಿಡಿಮದ್ದನ್ನು ಬಿಟ್ಟರು ಎಂದು ವರದಿಯಾಯಿತು. ಕಾವಲಿನ ದೋಣಿ ಹೋಗಲಾರದ ಸ್ಥಳಕ್ಕೆ ಬೋಧನೆ ಹೋಯಿತು.

ಇಲ್ಲಿ ಕಠಿಣವಾದ ಒಂದು ಪ್ರಶ್ನೆಯನ್ನು ಎದುರಿಸಲೇಬೇಕು. ದೇವರ ಭಯವನ್ನು ಹೀಗೆ ಉಪಯೋಗಿಸುವದು ನ್ಯಾಯವೋ? ಸಂಬಳದ ಕಾವಲುಗಾರನು ದೊರೆಯಲಿಲ್ಲವೆಂದು ಸಂಬಳವಿಲ್ಲದ ಕಾವಲುಗಾರನನ್ನಾಗಿ ದೇವರನ್ನು ನೇಮಿಸಿದ ಹಾಗಾಗಲಿಲ್ಲವೋ? ಈ ಸಂಶಯವು ತಳ್ಳಿಹಾಕತಕ್ಕದ್ದಲ್ಲ. ಮರವನ್ನು ಕದ್ದು ಮಾರುವ ಸಾಹುಕಾರನು ಕಟ್ಟಿಗೆ ಆರಿಸುವ ಮುದುಕಿಗೆ ದೇವರ ಹೆಸರಿನಲ್ಲಿ ಬುದ್ಧಿ ಹೇಳುವದನ್ನು ಯಾರು ನೋಡಿಲ್ಲ? ಅಂಥಲ್ಲಿ ದೇವರ ಹೆಸರು ಬಡವನನ್ನು ಹೆದರಿಸುವ ಕೋಲೇ ಹೊರತು ಬೇರೇನೂ ಅಲ್ಲ. ಆದರೆ ಇದನ್ನು ಪರೀಕ್ಷಿಸುವ ಒರೆಗಲ್ಲನ್ನು ಉಮರರ ಅಪ್ಪಣೆಯೇ ನಮಗೆ ಕೊಡುತ್ತದೆ. ಆ ಬೋಧನೆಯು ಮೊದಲು ಯಾರನ್ನು ಕಟ್ಟುತ್ತದೆ? ಅಲ್ಲಿ ದೇವರಿಗೆ ಹೆದರಬೇಕಾದವರು ಮೊದಲು ಆಳುವವನೂ ಅವನ ಸೇವಕನೂ. ಆಮೇಲೆ ದೊಡ್ಡ ಹಿಂಡಿನ ಒಡೆಯರು. ಎಲ್ಲಕ್ಕೂ ಕಡೆಯಲ್ಲಿ ಬಡ ಕುರುಬನು. ಬೋಧಿಸುವವನನ್ನೇ ಮೊದಲು ಕಟ್ಟುವ ಬೋಧನೆಯು ದೇವರನ್ನು ಸೇವಿಸುತ್ತದೆ. ಕೇಳುವವನನ್ನು ಮಾತ್ರ ಕಟ್ಟುವ ಬೋಧನೆಯು ದೇವರನ್ನು ಸೇವೆಗೆ ಹಚ್ಚುತ್ತದೆ.

ಎರಡನೆಯ ಆಕ್ಷೇಪವೂ ಒಂದುಂಟು. ಬೋಧನೆಯು ಇಷ್ಟು ಒಳ್ಳೇದಾಗಿದ್ದರೆ ಮುಸಲ್ಮಾನರ ದೇಶಗಳಲ್ಲಿ ಅಡವಿಯೂ ನೀರೂ ಯಾಕೆ ಹಾಳಾಗಿವೆ ಎಂದು ಕೇಳುವರು. ಹಾಳಾಗಿರುವದು ನಿಜ. ಅರಬಸ್ಥಾನದಲ್ಲಿ ಶತಮಾನಗಳಿಂದ ನಡೆದುಬಂದ ಹಿಮಾಗಳಲ್ಲಿ ಬಹಳಷ್ಟು, 1950ರ ದಶಕದಲ್ಲಿ ಹುಲ್ಲುಗಾವಲುಗಳನ್ನು ಎಲ್ಲರಿಗೂ ತೆರೆದುಬಿಟ್ಟ ಮೇಲೆ ಕೆಟ್ಟುಹೋದವು. ಲೋಕದಲ್ಲಿ ಅತಿ ಹೆಚ್ಚು ಮುಸಲ್ಮಾನರುಳ್ಳ ದೇಶಗಳಲ್ಲಿ ಒಂದಾದ ಇಂಡೋನೇಶ್ಯದಲ್ಲಿ 2015ರಲ್ಲಿ ಸುಮಾರು 26 ಲಕ್ಷ ಹೆಕ್ಟೇರು ಅಡವಿಯೂ ಭೂಮಿಯೂ ಬೆಂಕಿಗೆ ಆಹುತಿಯಾದವು. ಹೊಗೆಯು ನೆರೆಯ ದೇಶಗಳ ವರೆಗೂ ಹಬ್ಬಿತು. ಅಲ್ಲಿಯ ಉಲೇಮರ ಮಂಡಲಿಯು 2014ರಲ್ಲಿ ನಾಶವಾಗುತ್ತಿರುವ ಕಾಡುಮೃಗಗಳನ್ನು ಕೊಲ್ಲುವದೂ ಕಳ್ಳತನದಿಂದ ಮಾರುವದೂ ಹರಾಮೆಂದು ಫತ್ವಾ ಕೊಟ್ಟಿತ್ತು; 2016ರಲ್ಲಿ ಅಡವಿಗೆ ಬೆಂಕಿಯಿಡುವದೂ ಹರಾಮೆಂದು ಮತ್ತೊಂದನ್ನು ಕೊಟ್ಟಿತು. ಹಾಗಾದರೂ 2019ರಲ್ಲಿ ತಿರಿಗಿ ಸುಮಾರು 16 ಲಕ್ಷ ಹೆಕ್ಟೇರು ಸುಟ್ಟುಹೋಯಿತು.

ಇದರಿಂದ ಬೋಧನೆಯು ವ್ಯರ್ಥವೆಂದು ಹೇಳೋಣವೋ? ಹಾಗಲ್ಲ. ಬೋಧನೆಯು ಮಂತ್ರವಲ್ಲವೆಂದು ಹೇಳೋಣ. ಇಂಡೋನೇಶ್ಯದ ಬೆಂಕಿಗೆ ಕಾರಣಗಳುಂಟು. ಎಣ್ಣೆತಾಳೆಯ ತೋಟಗಳಿಗಾಗಿಯೂ ಕಾಗದದ ಮರಗಳಿಗಾಗಿಯೂ ಜೌಗುಭೂಮಿಯ ನೀರನ್ನು ಕಾಲುವೆ ತೋಡಿ ಬಸಿದುಬಿಟ್ಟರು. ಒಣಗಿದ ಆ ನೆಲದ ಮಣ್ಣೇ ಕಟ್ಟಿಗೆಯಂತೆ ಉರಿಯುವಂಥದು. ಬೆಂಕಿ ಹಚ್ಚಿದ ಕೈ ಬಡ ರೈತನದಾಗಿರಬಹುದು. ನೆಲವನ್ನು ಉರಿಯುವಂತೆ ಮಾಡಿದ ಲೆಕ್ಕವು ದೊಡ್ಡ ದೊಡ್ಡ ಕಂಪೆನಿಗಳ ಪುಸ್ತಕಗಳಲ್ಲಿದೆ. ಫತ್ವಾ ಎಂಬದು ಹೊಲದಲ್ಲಿ ನಿಂತವನ ಕಿವಿಗೆ ಬೇಗ ಮುಟ್ಟುತ್ತದೆ. ಆ ಪುಸ್ತಕಗಳಿಗೆ ಮುಟ್ಟುವದು ಕಷ್ಟ. ಚಿಕ್ಕ ಹಿಂಡನ್ನು ತಡೆದು ದೊಡ್ಡ ಹಿಂಡನ್ನು ಒಳಗೆ ಬಿಟ್ಟರೆ ಹುಲ್ಲು ಉಳಿಯದು. ಆದರೆ ನ್ಯಾಯವೂ ನಂಬಿಕೆಯೂ ಕೂಡಿದಲ್ಲಿ ಕೆಟ್ಟುಹೋದದ್ದು ಪುನಃ ಚಿಗುರುವದನ್ನೂ ಕಾಣುತ್ತೇವೆ. ಲೆಬನೋನಿನಲ್ಲಿ 2004ರಿಂದ ಹಿಮಾ ಎಂಬ ಅದೇ ಹಳೇ ಹೆಸರಿನಿಂದ ಹಳ್ಳಿಗಳವರು ತಮ್ಮ ಭೂಮಿಯನ್ನೂ ಅಲ್ಲಿ ಇಳಿಯುವ ಪಕ್ಷಿಗಳನ್ನೂ ಕಾಯುವ ಏರ್ಪಾಡು ಪುನಃ ಆರಂಭವಾಗಿದೆ. ಅಲ್ಲಿ ಕ್ರೈಸ್ತರೂ ಮುಸಲ್ಮಾನರೂ ನೆರೆಹೊರೆಯವರಾಗಿ ವಾಸಿಸುತ್ತಾರೆ.

ಇದರಲ್ಲಿ ನಮಗೇನು? ತೋಟವನ್ನು ವ್ಯವಸಾಯಮಾಡುವದಕ್ಕೂ ಕಾಯುವದಕ್ಕೂ ಮನುಷ್ಯನು ಇಡಲ್ಪಟ್ಟನೆಂದು ಆದಿಕಾಂಡದಲ್ಲಿ ನಾವೂ ಓದುತ್ತೇವೆ. ಆದದರಿಂದ ಭೂಮಿಯು ಅಮಾನತ್ತೆಂದು ಮುಸಲ್ಮಾನನಾದ ನೆರೆಯವನು ಹೇಳುವಾಗ ಅವನು ನಮಗೆ ಹೊರಗಿನ ಮಾತನ್ನು ಹೇಳುತ್ತಿಲ್ಲ. ಮತದ ಇತರ ವಿಷಯಗಳಲ್ಲಿ ಅವನಿಗೂ ನಮಗೂ ಇರುವ ಭೇದವನ್ನು ಮುಚ್ಚಬೇಕಾಗಿಲ್ಲ. ಆ ಭೇದವಿದ್ದರೂ ಒಂದೇ ಕೆರೆಯ ನೀರನ್ನು ಅವನೂ ಕುಡಿಯುತ್ತಾನೆ, ನಾವೂ ಕುಡಿಯುತ್ತೇವೆ. ಕೆರೆಯ ಹೂಳೆತ್ತುವ ದಿನ ಅವನ ಪಕ್ಕದಲ್ಲಿ ಬುಟ್ಟಿ ಹಿಡಿದು ನಿಲ್ಲುವದಕ್ಕೆ ನಮ್ಮ ನಂಬಿಕೆಯು ಅಡ್ಡಿಯಲ್ಲ, ಅದೇ ಕಾರಣವು.

ಹಾಗೆ ನಿಲ್ಲುವಾಗ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಡೋಣ. ಮೊದಲನೆಯದು, ಕೆರೆ ತುಂಬಿರುವಾಗಲೂ ಕೈ ಹಿಡಿತದಲ್ಲಿರಲಿ. ಬತ್ತಿದ ಮೇಲೆ ಬರುವ ಮಿತವು ಬಡತನವೇ ಹೊರತು ಸದ್ಗುಣವಲ್ಲ. ಎರಡನೆಯದು, ಊರಿನವರು ಕೂಡಿ ನೀರಿಗೆ ನಿಯಮವನ್ನು ಮಾಡುವಾಗ ಅದು ದೊಡ್ಡ ಹಿಂಡಿನಿಂದ ಆರಂಭವಾಗಲಿ. ರಾತ್ರಿಯೆಲ್ಲಾ ಪಂಪು ನಡಿಸುವ ದೊಡ್ಡ ತೋಟದವನಿಗೆ ಏನೂ ಹೇಳದೆ, ಎರಡು ಕೊಡ ತುಂಬಿಸಲು ಬಂದ ಹೆಂಗಸನ್ನು ಗದರಿಸುವ ಊರು ನೀರನ್ನು ಕಾಯುತ್ತಿಲ್ಲ. ನಮ್ಮ ಸಭೆಗಳಲ್ಲಿ ದೊಡ್ಡ ತೋಟದವರು ಯಾರಾದರೂ ಇದ್ದರೆ, ನಿಯಮವು ತಮ್ಮ ಪಂಪಿನಿಂದಲೇ ಆರಂಭವಾಗಲೆಂದು ಅವರು ತಾವಾಗಿ ಎದ್ದು ಹೇಳಲಿ. ಆ ಒಂದು ಮಾತನ್ನು ಕೇಳಿದ ಮೇಲೆ ಉಳಿದವರಿಗೆ ಹೆಚ್ಚು ಉಪದೇಶ ಬೇಕಾಗದು.